ಅದ್ದದೆ ಬಿಟ್ಟ ಲಂಗ

ರಂಗಮಂದಿರದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಹಿರಿಯರಾದ ಹೊಲಿಗೆಯವರ ಬಾಯಲ್ಲೂ ಅಕ್ಕ, ನಿನ್ನೆ ಮೊನ್ನೆ ಸೇರಿದ ಕುಣಿತದ ಹುಡುಗಿಯರ ಬಾಯಲ್ಲೂ ಅಕ್ಕ. ಅದಕ್ಕೆ ಕಾರಣ ಅವಳ ತಂಗಿ. ಪುಟ್ಟಿ ಎಂದು ಕರೆಸಿಕೊಳ್ಳುತ್ತಿದ್ದ ಆ ಹುಡುಗಿ ದಿನಕ್ಕೆ ನೂರು ಸಲ ಮೆಟ್ಟಿಲ ಬುಡದಲ್ಲಿ ನಿಂತು "ಅಕ್ಕಾ!" ಎಂದು ಕೂಗುತ್ತಿದ್ದಳು. ಹೊಲಿಗೆ ಬಿಚ್ಚಿದರೆ ಅಕ್ಕ, ಹೆಬ್ಬೆರಳು ಸುಲಿದರೆ ಅಕ್ಕ, ಮೇಷ್ಟ್ರು ಬೈದರೆ ಅಕ್ಕ. ಕೇಳಿ ಕೇಳಿ ನಾಲ್ಕು ಮಹಡಿಯ ಕಟ್ಟಡಕ್ಕೇ ಅದು ರೂಢಿಯಾಗಿಬಿಟ್ಟಿತು.

ಅವರ ತಾಯಿ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಬ್ಯಾಲೆಯವರ ಬಟ್ಟೆ ಒಗೆದು ಗಂಜಿ ಹಾಕುತ್ತಿದ್ದವಳು. ಹಬೆಯಲ್ಲೇ ಹುಟ್ಟಿ ಹಬೆಯಲ್ಲೇ ಬೆಳೆದೆವು ಎಂದು ಅಕ್ಕ ಆಗಾಗ ಹೇಳುತ್ತಿದ್ದುದುಂಟು. ಒದ್ದೆ ನೆಲ, ಬಿಸಿ ಗಾಳಿ, ಹೊರಗೆ ಕಾಲಿಟ್ಟರೆ ಕೊರೆಯುವ ಚಳಿ. ತಾಯಿಯ ಎದೆ ನಲವತ್ತಕ್ಕೇ ಕೈಕೊಟ್ಟಿತು. ಅವಳು ಸತ್ತಾಗ ದೊಡ್ಡವಳಿಗೆ ಹದಿನೆಂಟು, ಚಿಕ್ಕವಳಿಗೆ ಎಂಟು. ದೊಡ್ಡವಳು ಆಗಲೇ ನಾಲ್ಕನೆಯ ಮಹಡಿಯ ಹೊಲಿಗೆಕೋಣೆಯಲ್ಲಿ ಸೂಜಿ ಹಿಡಿದಿದ್ದಳು. ಚಿಕ್ಕವಳ ಕಾಲುಗಳು ಉದ್ದವಾಗಿವೆ, ಪಾದದ ಕಮಾನು ಚೆನ್ನಾಗಿದೆ ಎಂದು ಯಾರೋ ಹೇಳಿದರೆಂದು ಅವಳನ್ನು ಕುಣಿತದ ಶಾಲೆಗೆ ಸೇರಿಸಿದಳು. ರಂಗಮಂದಿರದ ಹಿಂದಿನ ಓಣಿಯಲ್ಲಿ ಒಂದೇ ಕಿಟಕಿಯ ಕೋಣೆ, ಒಂದೇ ಮಂಚ. ತಂಗಿಯ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಾ ತಿಕ್ಕುತ್ತಾ ಅಕ್ಕನ ಮದುವೆಯ ವಯಸ್ಸು ದಾಟಿಹೋಯಿತು. ಕೇಳಿದವರಿಗೆ "ನನಗೆ ಆಗಲೇ ಒಂದು ಮಗು ಇದೆಯಲ್ಲ" ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ಆ ಕಾಲದ ಬ್ಯಾಲೆಯ ಲಂಗವೆಂದರೆ ಈಗಿನ ಹಾಗೆ ಸೊಂಟದ ಸುತ್ತ ತಟ್ಟೆ ಇಟ್ಟಂತಿರುತ್ತಿರಲಿಲ್ಲ. ಅಜ್ಜಿಯ ಕಾಲದಲ್ಲಂತೂ ಕುಣಿಯುವ ಹೆಂಗಸರು ನೆಲ ಗುಡಿಸುವ ಜರತಾರಿ ನಿಲುವಂಗಿ ತೊಟ್ಟು, ಹಿಮ್ಮಡಿಯ ಜೋಡು ಹಾಕಿ, ಮೆರವಣಿಗೆಯ ಹಾಗೆ ನಡೆಯುತ್ತಿದ್ದರೆಂದು ತಾಯಿ ಹೇಳುತ್ತಿದ್ದಳು. ಆಮೇಲೆ ಯಾವುದೋ ಊರಿನಲ್ಲಿ ಯಾರೋ ಒಬ್ಬಾಕೆ ಬಿಳಿಯ ತೆಳು ಮಸ್ಲಿನ್‌ನ ಲಂಗ ಉಟ್ಟು, ಕಣಕಾಲು ಕಾಣುವ ಹಾಗೆ, ತುದಿಬೆರಳ ಮೇಲೆ ನಿಂತುಬಿಟ್ಟಳಂತೆ. ಜನ ಹುಚ್ಚಾದರು. ಅಲ್ಲಿಂದ ಮುಂದೆ ಎಲ್ಲರಿಗೂ ಅದೇ ಬೇಕು. ತೂಗುಬಿಟ್ಟ ಗಂಟೆಯ ಹಾಗೆ ಮೀನಖಂಡದವರೆಗೆ ಇಳಿಯುವ ಲಂಗ. ಒಳಗೆ ಆರೇಳು ಪದರ, ಒಂದಕ್ಕಿಂತ ಒಂದು ಬೆರಳಷ್ಟು ಗಿಡ್ಡ. ಒಂದೊಂದು ಪದರದ ಬಟ್ಟೆಯನ್ನೂ ಬಿಡಿಸಿ ಹಾಸಿದರೆ ಹೊಲಿಗೆಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತದೆ. ಅದನ್ನು ನೆರಿಗೆ ಹಿಡಿದು ಗುಬ್ಬಚ್ಚಿಯ ಹೊಟ್ಟೆಯಷ್ಟಿದ್ದ ಸೊಂಟಪಟ್ಟಿಗೆ ತುಂಬಬೇಕು. ನೆರಿಗೆ ಒಂದು ಕಡೆ ದಪ್ಪವಾಯಿತೋ, ತಿರುಗುವಾಗ ಲಂಗ ಕುಂಟುತ್ತದೆ. ಅಕ್ಕ ಹೊಲಿದ ಲಂಗ ಕುಂಟಿದ್ದಿಲ್ಲ. "ಅಕ್ಕನ ಲಂಗ ಉಟ್ಟರೆ ಕುಣಿಯೋಕೆ ಬರದವಳೂ ಕುಣೀತಾಳೆ" ಎನ್ನುವ ಮಾತು ಹುಡುಗಿಯರಲ್ಲಿ ಚಾಲ್ತಿಯಲ್ಲಿತ್ತು.

ಹತ್ತಿಯ ನೂಲು, ಹೊಗೆಯಷ್ಟು ತೆಳು, ಪದರದ ಮಧ್ಯೆ ಗಾಳಿ. ರಂಗದ ಅಂಚಿಗೂ ಪಕ್ಕದ ಪರದೆಗಳ ಹಿಂದೆಯೂ ಗ್ಯಾಸಿನ ದೀಪಗಳು, ಗಾಜಿಲ್ಲದ ಬೆತ್ತಲೆ ಬೆಂಕಿ. ಎರಡನ್ನೂ ಒಂದೇ ಕಡೆ ಇಟ್ಟರೆ ಏನಾಗಬಹುದೆಂದು ಹೇಳಲು ಪಂಡಿತರೇನೂ ಬೇಕಿರಲಿಲ್ಲ. ಪಕ್ಕದ ಪಟ್ಟಣದಲ್ಲಿ ಒಂದೇ ವರ್ಷದಲ್ಲಿ ಇಬ್ಬರು ಹೀಗೆ ಹೋದ ಮೇಲೆ ಮೇಲಿನಿಂದ ಆಜ್ಞೆ ಬಂತು. ಪ್ರತಿಯೊಂದು ಲಂಗವನ್ನೂ ಪಟಿಕ ಮತ್ತು ಬಿಳಿಗಾರ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸಿಯೇ ರಂಗಕ್ಕೆ ಕಳಿಸಬೇಕು. ಆ ನೀರು ಕುಡಿದ ಬಟ್ಟೆಗೆ ಬೆಂಕಿ ಸೋಕಿದರೆ ಕಪ್ಪಾಗುತ್ತದೆಯೇ ಹೊರತು ಹೊತ್ತಿ ಉರಿಯುವುದಿಲ್ಲ. ಒಗೆದಾಗಲೆಲ್ಲ ಮತ್ತೆ ಅದ್ದಬೇಕು. ಅದ್ದಿದ್ದಕ್ಕೆ ಗುರುತಾಗಿ ಸೊಂಟಪಟ್ಟಿಯ ಒಳಗೆ ಕೆಂಪು ದಾರದ ಒಂದು ಹೊಲಿಗೆ ಹಾಕಬೇಕು. ಆ ಕೆಲಸ ಅಕ್ಕನ ಪಾಲಿಗೆ ಬಂತು, ಅವಳ ಕೈಯ ಮೇಲೆ ಎಲ್ಲರಿಗೂ ನಂಬಿಕೆಯಿದ್ದುದರಿಂದ.

ಹುಡುಗಿಯರು ಬೊಬ್ಬೆ ಹೊಡೆದರು. ಹೊಡೆಯದೆ ಇನ್ನೇನು? ಅದ್ದಿದ ಲಂಗ ಹಳದಿಗೆ ತಿರುಗುತ್ತಿತ್ತು, ರಟ್ಟಿನ ಹಾಗೆ ಬಿರುಸಾಗುತ್ತಿತ್ತು, ತಿರುಗಿದರೆ ಅರಳದೆ ಮೊಂಡು ಹಿಡಿದು ನಿಲ್ಲುತ್ತಿತ್ತು. ಅವರು ಆಡುವ ಪಾತ್ರಗಳೋ, ಮಂಜು, ಹಂಸ, ಸತ್ತ ಕನ್ಯೆಯರ ಆತ್ಮ. ರಟ್ಟಿನ ಲಂಗ ಉಟ್ಟ ಆತ್ಮವನ್ನು ಯಾರು ನಂಬುತ್ತಾರೆ?

ಪುಟ್ಟಿಗೆ ಆಗ ಹದಿನೇಳು. ಒಂಬತ್ತು ವರ್ಷ ಗುಂಪಿನ ಕೊನೆಯ ಸಾಲಿನಲ್ಲಿ ಮರದ ಹಿಂದೆ ಮರವಾಗಿ, ಅಲೆಯ ಹಿಂದೆ ಅಲೆಯಾಗಿ ನಿಂತವಳಿಗೆ ಮೊದಲ ಸಲ ಒಬ್ಬಂಟಿ ಕುಣಿತ ಸಿಕ್ಕಿತು. ಮೂರೇ ನಿಮಿಷ; ಸರೋವರದ ಮೇಲೆ ಹಾಯುವ ಮಂಜು. ಅಭ್ಯಾಸದ ಹಿಂದಿನ ದಿನ ಮಧ್ಯಾಹ್ನ ಅವಳು ಹೊಲಿಗೆಕೋಣೆಗೆ ಬಂದು, ಅಕ್ಕನ ಪಕ್ಕದ ಮಣೆಯ ಮೇಲೆ ಕುಳಿತು, ಹೊಸ ಲಂಗದ ಅಂಚನ್ನು ಕೆನ್ನೆಗೆ ಒತ್ತಿಕೊಂಡಳು.

"ಅಕ್ಕ, ಇದನ್ನ ಅದ್ದಬೇಡ."

"ತಲೆ ಕೆಟ್ಟಿದೆಯೇನೇ ನಿಂಗೆ?"

"ಮೂರು ನಿಮಿಷ ಅಕ್ಕ. ಮೂರು ನಿಮಿಷದಲ್ಲಿ ಏನಾಗುತ್ತೆ? ಆ ನೀರಿಗೆ ಹಾಕಿದ್ರೆ ನಾನು ಮಂಜಾಗಲ್ಲ, ಹಿಟ್ಟಿನ ಚೀಲ ಆಗ್ತೀನಿ. ಒಂಬತ್ತು ವರ್ಷ ಕಾದಿದೀನಿ."

"ಯಜಮಾನರಿಗೆ ಗೊತ್ತಾದ್ರೆ?"

"ಕೆಂಪು ದಾರ ಹಾಕ್ಬಿಡು. ಯಾರು ಬಂದು ನೆಕ್ಕಿ ನೋಡ್ತಾರೆ?"

ಅಕ್ಕ ಬೈದಳು, ಎದ್ದುಹೋಗು ಎಂದಳು. ಪುಟ್ಟಿ ಹೋಗಲಿಲ್ಲ. ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಸುಮ್ಮನೆ ಕುಳಿತಳು. ಎಂಟು ವರ್ಷದವಳಿದ್ದಾಗ ತಾಯಿಯನ್ನು ಮಣ್ಣು ಮಾಡಿ ಬಂದ ದಿನವೂ ಹಾಗೇ ಕುಳಿತಿದ್ದಳು. ಅಕ್ಕ ಸ್ವಲ್ಪ ಹೊತ್ತು ಅವಳ ನೆತ್ತಿಯನ್ನೇ ನೋಡಿದಳು. ಆಮೇಲೆ ಕೆಂಪು ದಾರ ಪೋಣಿಸಿ, ಅದ್ದದ ಹೊಸ ಸೊಂಟಪಟ್ಟಿಗೆ ಒಂದು ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದಳು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಅಭ್ಯಾಸ. ದೀಪಗಳನ್ನೆಲ್ಲ ಹಚ್ಚಿದ್ದರು. ಅಕ್ಕ, ಪಕ್ಕದ ಪರದೆಯ ಹಿಂದೆ ಸೂಜಿದಿಂಡು ಹಿಡಿದು ನಿಂತಿದ್ದಳು, ತಂಗಿಯ ಭುಜದ ಪಟ್ಟಿಗೆ ಒಂದು ಹೊಲಿಗೆ ಬಿಗಿ ಮಾಡಿ. ಗುಂಪಿನ ಹುಡುಗಿಯರು ರಂಗದಿಂದ ಒಳಗೆ ಓಡಿ ಬರುವ ಹೊತ್ತು. ಅವರಿಗೆ ದಾರಿ ಬಿಡಲೆಂದು ಪುಟ್ಟಿ ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟೇ. ದೀಪದ ಕಂಬ ಅವಳ ಬೆನ್ನ ಹಿಂದಿತ್ತು. ಭುಸ್ ಎಂದು ಒಂದು ಸದ್ದು, ಯಾರೋ ದೊಡ್ಡ ಉಸಿರು ಬಿಟ್ಟ ಹಾಗೆ. ಅಕ್ಕನ ಕಣ್ಣಿಗೆ ಮೊದಲು ಕಂಡದ್ದು ಬೆಂಕಿಯಲ್ಲ, ಲಂಗ ತಾನಾಗಿ ಮೇಲಕ್ಕೆ ಅರಳಿದ್ದು. ಆಮೇಲೆ ಪುಟ್ಟಿ ಓಡಿದಳು. ನಿಂತಿದ್ದರೆ ಉಳಿಯುತ್ತಿದ್ದಳೇನೋ ಎಂದು ಆಮೇಲೆ ಬೇಕಾದಷ್ಟು ಜನ ಹೇಳಿದರು. ಬೆಂಕಿ ಹತ್ತಿದವರು ಯಾರಾದರೂ ನಿಲ್ಲುತ್ತಾರೆಯೇ? ಹುಡುಗಿಯರು ಕಿರುಚುತ್ತಾ ಅವಳಿಂದ ದೂರ ಓಡಿದರು, ಅವಳು ಅವರ ಹಿಂದೆ ಓಡಿದಳು, "ಅಕ್ಕಾ" ಎಂದು ಕೂಗುತ್ತಾ. ಗ್ಯಾಸಿನ ದೀಪ ನೋಡಿಕೊಳ್ಳುತ್ತಿದ್ದ ಮುದುಕ ಒದ್ದೆ ಕಂಬಳಿ ಎಸೆದು ಅವಳ ಮೇಲೆ ಬಿದ್ದಾಗ ರಂಗದ ಆ ತುದಿ ತಲುಪಿದ್ದಳು. ಅಕ್ಕ ಹೋಗಿ ಕಂಬಳಿಯ ಒಳಗೆ ಕೈಹಾಕಿ ಬಟ್ಟೆ ಕೀಳಲು ನೋಡಿದಳು. ಬಟ್ಟೆಯೆಂದು ಹಿಡಿದದ್ದು ಬಟ್ಟೆಯಾಗಿರಲಿಲ್ಲ.

ಪುಟ್ಟಿ ತಕ್ಷಣ ಸಾಯಲಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು ಎಂದು ಆಸ್ಪತ್ರೆಯ ದಾದಿಯೇ ಒಂದು ದಿನ ಬಾಯಿ ಜಾರಿ ಅಂದುಬಿಟ್ಟಳು. ಐದು ತಿಂಗಳು ಬೋರಲಾಗಿ ಮಲಗಿದ್ದಳು. ಮುಖಕ್ಕೆ ಏನೂ ಆಗಿರಲಿಲ್ಲ. ಅದೇ ಹದಿನೇಳರ ಮುಖ, ದಿಂಬಿನ ಮೇಲೆ ಓರೆಯಾಗಿ. ಎರಡು ದಿನಕ್ಕೊಮ್ಮೆ ಪಟ್ಟಿ ಬದಲಿಸುವಾಗ ವಾರ್ಡಿನ ಉಳಿದ ರೋಗಿಗಳು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಇತ್ತ ವಿಚಾರಣೆ ನಡೆಯಿತು. ಊರಿನ ಅಧಿಕಾರಿ ಬಂದು, ಉಳಿದಿದ್ದ ಚೂರುಗಳನ್ನೆಲ್ಲ ಮೇಜಿನ ಮೇಲೆ ಹರಡಿದ. ಲಂಗ ಬೂದಿಯಾಗಿದ್ದರೂ ಬಿಗಿಯಾದ ಕುಪ್ಪಸದ ಕೆಳಗೆ ಸಿಕ್ಕಿಕೊಂಡಿದ್ದ ಸೊಂಟಪಟ್ಟಿ ಅರ್ಧ ಉಳಿದಿತ್ತು. ಅದರ ಒಳಗೆ ಕೆಂಪು ದಾರ. ಎಲ್ಲರೂ ನೋಡಿದರು. ಅಕ್ಕನೂ ನೋಡಿದಳು. ಅಧಿಕಾರಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, "ಈ ಹೊಲಿಗೆ ನಿಮ್ಮದೇ?" "ನನ್ನದೇ" ಎಂದಳು. ಅದು ಸುಳ್ಳಾಗಿರಲಿಲ್ಲ.

ಹಾಗಾದರೆ ಅದ್ದಿದ ಲಂಗವೂ ಸುಟ್ಟಿತು, ಅಂದ ಮೇಲೆ ಆ ನೀರಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ತೀರ್ಮಾನವಾಯಿತು. ರಂಗಮಂದಿರದ ಯಜಮಾನರು ಪತ್ರಿಕೆಯವರಿಗೂ ಹಾಗೇ ಹೇಳಿದರು. ವಾರದೊಳಗೆ ಪಟಿಕದ ಹಂಡೆಯನ್ನು ಮಗುಚಿ ಮೂಲೆಗೆ ತಳ್ಳಿದರು. ಹುಡುಗಿಯರಿಗೆ ದುಃಖದಲ್ಲೂ ಒಂದು ನೆಮ್ಮದಿ. ಲಂಗಗಳು ಮತ್ತೆ ಬೆಳ್ಳಗೆ, ಮೆತ್ತಗೆ, ಹೊಗೆಯ ಹಾಗೆ ಮೇಲಿನಿಂದ ಇಳಿದು ಬರತೊಡಗಿದವು. ಅವನ್ನು ಹೊಲಿಯುತ್ತಿದ್ದವಳು ಅಕ್ಕ. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ನಿಜ ಹೇಳಿದರೆ ತಂಗಿಯನ್ನು ಕೈಯಾರೆ ಸುಟ್ಟವಳು ತಾನಾಗುತ್ತಾಳೆ. ಹೇಳದಿದ್ದರೆ? ದಿನಾ ಮೂವತ್ತು ಹುಡುಗಿಯರು ಆ ದೀಪಗಳ ಪಕ್ಕ ಹಾದುಹೋಗುತ್ತಿದ್ದರು. ನಾಲ್ಕು ತಿಂಗಳು ಅವಳು ಹೇಳಲಿಲ್ಲ.

ಒಂದು ಬೆಳಿಗ್ಗೆ ಪುಟ್ಟಿ ದಿಂಬಿನಿಂದ ಕಣ್ಣೆತ್ತಿ, "ಈಗ ಎಲ್ಲಾರ್ದೂ ಅದ್ದುತ್ತಿದೀಯ ತಾನೆ?" ಎಂದು ಕೇಳಿದಳು.

"ಹೂಂ."

"ಕೊಕ್ಕರೆದೂ?"

ಕೊಕ್ಕರೆ ಎಂದರೆ ಪುಟ್ಟಿಯ ಜೀವದ ಗೆಳತಿ. ಉದ್ದನೆಯ ಕಾಲು, ಉದ್ದನೆಯ ಕತ್ತು. ಶಾಲೆಗೆ ಸೇರಿದ ದಿನವೇ ಅಂಟಿದ ಹೆಸರು.

"ಅವಳ್ದೂ. ಎಲ್ಲಾರ್ದೂ. ನೀನು ಮಾತಾಡಬೇಡ, ಸುಸ್ತಾಗುತ್ತೆ."

"ಅಷ್ಟಾದ್ರೂ ಆಯ್ತಲ್ಲ" ಎಂದು ಪುಟ್ಟಿ ಕಣ್ಣು ಮುಚ್ಚಿದಳು.

ಅಕ್ಕ ಆಸ್ಪತ್ರೆಯಿಂದ ನೆಟ್ಟಗೆ ಯಜಮಾನರ ಕೋಣೆಗೆ ಹೋದಳು. ಕುಳಿತುಕೊಳ್ಳದೆ, ನಿಂತೇ ಎಲ್ಲ ಹೇಳಿದಳು. ಯಜಮಾನರು ಕೆಟ್ಟ ಮನುಷ್ಯನೇನೂ ಅಲ್ಲ. ಮುಗಿದ ರಗಳೆಯನ್ನು ಮತ್ತೆ ಎಬ್ಬಿಸಲು ಇಷ್ಟವಿಲ್ಲದ ಮನುಷ್ಯ. ಕಿಟಕಿಯ ಕಡೆ ನೋಡುತ್ತಾ, "ನೋಡಮ್ಮ, ನಿಂಗೆ ದುಃಖದಲ್ಲಿ ಏನೇನೋ ಅನ್ನಿಸ್ತಿದೆ. ಆಗಿದ್ದು ಆಯ್ತು. ಮನೆಗೆ ಹೋಗು, ಎರಡು ದಿನ ಮಲಕ್ಕೋ" ಎಂದರು.

ಅವಳು ಮಲಗಲಿಲ್ಲ. ಮೂಲೆಯ ಹಂಡೆ ಎಳೆದು, ಮಸ್ಲಿನ್‌ನ ಒಂದು ತುಂಡನ್ನು ಅದ್ದಿ ಒಣಗಿಸಿದಳು. ಅದೇ ಥಾನಿನ ಇನ್ನೊಂದು ತುಂಡನ್ನು ಹಾಗೇ ಇಟ್ಟುಕೊಂಡಳು. ಮರುದಿನ ಅಭ್ಯಾಸದ ಮಧ್ಯೆ, ಪಿಟೀಲಿನವನು ಇನ್ನೂ ನುಡಿಸುತ್ತಿರುವಾಗಲೇ, ರಂಗದ ಅಂಚಿಗೆ ಹೋಗಿ ದೀಪದ ಪಕ್ಕ ನಿಂತಳು. ಮೊದಲನೆಯ ತುಂಡನ್ನು ಬೆಂಕಿಗೆ ಹಿಡಿದಳು. ಅಂಚು ಕರಟಿ ಕಪ್ಪಾಯಿತು, ಹೊಗೆಯಾಡಿತು, ನಿಂತಿತು. ಎರಡನೆಯದನ್ನು ಹಿಡಿದಳು. ಭುಸ್ ಎಂದಿತು, ಕೈಬಿಟ್ಟರೂ ಗಾಳಿಯಲ್ಲೇ ಉರಿದು, ನೆಲ ಮುಟ್ಟುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

"ನನ್ನ ತಂಗಿ ಉಟ್ಟಿದ್ದು ಎರಡನೇದು" ಎಂದಳು. "ಅದ್ದಿರಲಿಲ್ಲ. ಅದ್ದಿದೀನಿ ಅಂತ ಕೆಂಪು ದಾರ ಹಾಕಿದ್ದು ನಾನು. ನೀವು ಈಗ ಉಟ್ಟಿರೋದೂ ಎರಡನೇದೇ."

ಹುಡುಗಿಯರು ತಮ್ಮ ತಮ್ಮ ಲಂಗವನ್ನು ಮೈಗೆ ಒತ್ತಿಕೊಂಡು ದೀಪಗಳಿಂದ ಮೆಲ್ಲಗೆ ಸರಿದರು. ಗುಂಪಿನಿಂದ ಕೊಕ್ಕರೆ ಒಬ್ಬಳೇ ಮುಂದೆ ಬಂದು ಅಕ್ಕನ ಕೆನ್ನೆಗೆ ರಪ್ಪೆಂದು ಬಾರಿಸಿದಳು. ಅಕ್ಕ ಇನ್ನೊಂದು ಏಟಿಗೆ ಕಾದವಳ ಹಾಗೆ ಅಲ್ಲೇ ನಿಂತಿದ್ದಳು. ತಂಗಿ ಕೇಳಿಕೊಂಡದ್ದರ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ, ಅಂದೂ, ವಿಚಾರಣೆ ಮತ್ತೆ ನಡೆದಾಗಲೂ.

ಸುದ್ದಿ ಆಸ್ಪತ್ರೆ ತಲುಪಲು ತಡವಾಗಲಿಲ್ಲ. ಅಕ್ಕ ಹೋದಾಗ ಪುಟ್ಟಿ ಗೋಡೆಯ ಕಡೆ ಮುಖ ಮಾಡಿದ್ದಳು.

"ಅದ್ದಬೇಡ ಅಂದಿದ್ದು ನಾನು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿ ಏನಾಗಬೇಕಿತ್ತು?"

"ಎಲ್ಲಾ ನೀನೇ ಹೊತ್ಕೋಬೇಡ ಅಕ್ಕ. ನನ್ನ ಪಾಲು ನಂಗೆ ಬಿಡು. ನನ್ನ ಹತ್ರ ಈಗ ಬೇರೆ ಏನಿದೆ?"

ಅಕ್ಕ ನೀರು ಕುಡಿಸಿದಳು, ದಿಂಬು ತಿರುಗಿಸಿದಳು. ಎಷ್ಟೋ ವರ್ಷಗಳ ನಂತರವೂ, ಆ ಹೊತ್ತಿನಲ್ಲಿ "ಆಗಲಿ" ಎಂದು ಒಂದು ಮಾತು ಹೇಳಬಹುದಿತ್ತು ಎಂದು ಅವಳಿಗೆ ಅನ್ನಿಸುತ್ತಲೇ ಇತ್ತು. ನೀರು ಕುಡಿಸಿದಳು, ದಿಂಬು ತಿರುಗಿಸಿದಳು. ಒಂಬತ್ತು ದಿನದ ಮೇಲೆ ಹುಣ್ಣಿನ ನಂಜು ರಕ್ತಕ್ಕೇರಿ ಪುಟ್ಟಿ ತೀರಿಕೊಂಡಳು.

ಅಕ್ಕನನ್ನು ಕೆಲಸದಿಂದ ಓಡಿಸಬೇಕೆಂದು ಕೆಲವರು, ಜೈಲಿಗೆ ಹಾಕಬೇಕೆಂದು ಕೆಲವರು. ಕೊನೆಗೆ ಯಜಮಾನರು ಅವಳನ್ನು ನಾಲ್ಕನೆಯ ಮಹಡಿಯಿಂದ ನೆಲಮಾಳಿಗೆಗೆ ಇಳಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆನ್ನುವ ಹಾಗೆ, ಪಟಿಕದ ಹಂಡೆಯನ್ನು ಮತ್ತೆ ಹೂಡಿ, ಅದರ ಮುಂದೆ ಅವಳನ್ನೇ ನಿಲ್ಲಿಸಿದರು. ಸೂಜಿ ಮುಟ್ಟಕೂಡದೆಂದು ಕಟ್ಟಪ್ಪಣೆಯಾಯಿತು. ಅಂದಿನಿಂದ ಅವಳನ್ನು ಅಕ್ಕ ಎಂದು ಕರೆಯುವವರೂ ಇಲ್ಲವಾದರು. "ಪಟಿಕದವಳು" ಎಂದರು, ಹೊಸಬರು ಅದನ್ನೇ ಅವಳ ಹೆಸರೆಂದುಕೊಂಡರು.

ತಾಯಿ ಒಗೆಯುತ್ತಿದ್ದ ಅದೇ ಕಲ್ಲಿನ ತೊಟ್ಟಿಗಳ ನಡುವೆ ಅವಳು ಇಪ್ಪತ್ತನಾಲ್ಕು ವರ್ಷ ಲಂಗ ಅದ್ದಿದಳು. ಪಟಿಕ ಕೈಯ ಜಿಡ್ಡನ್ನೆಲ್ಲ ಹೀರಿಬಿಡುತ್ತದೆ. ಮೊದಲು ಬೆರಳ ತುದಿಗಳು ಬಿರಿದವು, ಆಮೇಲೆ ಅಂಗೈ ತೊಗಟೆ ಕಟ್ಟಿತು, ಕೊನೆಗೆ ಬೆರಳುಗಳು ಅರ್ಧ ಮಡಚಿದಲ್ಲೇ ನಿಂತವು. ಒಂದೇ ಒಂದು ಲಂಗ ಅದ್ದದೆ ಮೇಲೆ ಹೋಯಿತೆಂದು ಆ ಇಪ್ಪತ್ತನಾಲ್ಕು ವರ್ಷದಲ್ಲಿ ಯಾರೂ ಹೇಳಲಾರರು. ದೊಡ್ಡ ನರ್ತಕಿಯೊಬ್ಬಳು ಬೇರೆ ದೇಶದಿಂದ ಬಂದು, ತನ್ನ ಲಂಗ ಮುಟ್ಟಕೂಡದೆಂದು ಹಟ ಹಿಡಿದಾಗ, ಪಟಿಕದವಳು ಅವಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ ಹಂಡೆಗೆ ಸುರಿದಳು. ಆಕೆ ಬಂದು ಕಿರುಚಾಡಿದಳು. ಇವಳು ಕೋಲಿನಿಂದ ತಿರುವುತ್ತಾ, "ಅಳು ತಾಯಿ, ಎಷ್ಟು ಬೇಕಾದ್ರೂ ಅಳು. ಬದುಕಿದ್ದವರು ಅಳ್ತಾರೆ" ಎಂದಳಂತೆ.

ಅಷ್ಟರಲ್ಲಿ ಮೇಲಿನ ಲೋಕ ಬದಲಾಗುತ್ತಿತ್ತು. ನೆಲಮಾಳಿಗೆಯಲ್ಲಿದ್ದವಳಿಗೆ ಅದು ಗೊತ್ತಾದದ್ದು ಲಂಗಗಳಿಂದ. ದಕ್ಷಿಣದ ಕಡೆಯಿಂದ ಬಂದ ಒಂದು ತಂಡದ ಹುಡುಗಿಯರು ಕಬ್ಬಿಣದಂಥ ಪಾದದವರು. ಒಂದೇ ಕಾಲಲ್ಲಿ ಬುಗುರಿಯಂತೆ ಸುತ್ತುವವರು. ಆ ಸುತ್ತು ಕಾಣಬೇಕಲ್ಲ, ಅದಕ್ಕೆ ಲಂಗವನ್ನು ಮೊಣಕಾಲಿಗೆ ಏರಿಸಿದ್ದರು. ಊರು ಛೀ ಥೂ ಎಂದಿತು. ಛೀ ಥೂ ಎನ್ನುತ್ತಲೇ ಮುಂದಿನ ಸಾಲಿನ ಮುದುಕರು ದುರ್ಬೀನು ಕೊಂಡರು. ಆ ಗಿಡ್ಡ ಲಂಗಕ್ಕೆ ಟುಟು ಎನ್ನುವ ಹೆಸರು ಕಿವಿಗೆ ಬಿದ್ದದ್ದೂ ಆ ದಿನಗಳಲ್ಲೇ. ಅದೇನು ಮಾತೆಂದು ಒಗೆಯುವ ಹೆಂಗಸರು ಕೇಳಿದ್ದಕ್ಕೆ, ಯಾವುದೋ ದೇಶದ ಮಕ್ಕಳು ಅಂಡಿಗೆ ಹೇಳುವ ಮುದ್ದಿನ ಮಾತಿರಬೇಕೆಂದು ಯಾರೋ ಹೇಳಿ, ನೆಲಮಾಳಿಗೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಪಟಿಕದವಳು ನಗಲಿಲ್ಲ. ಲಂಗ ಗಿಡ್ಡವಾದಷ್ಟೂ ದೀಪದಿಂದ ದೂರ ಎಂದು ಅಳೆದು ನೋಡಿದಳು. ಒಂದು ಗೇಣು ದೂರ. ಪುಟ್ಟಿಯ ಲಂಗ ಆಗ ಅಷ್ಟು ಗಿಡ್ಡವಿದ್ದಿದ್ದರೆ ಎಂದು ಲೆಕ್ಕ ಹಾಕಿ, ಆ ದಿನ ಊಟ ಬಿಟ್ಟಳು.

ಆಮೇಲೆ ವಿದ್ಯುತ್ ದೀಪ ಬಂತು. ಗಾಜಿನ ಬುರುಡೆಯೊಳಗೆ ಹೊಗೆಯಿಲ್ಲದ ಬೆಳಕು. ಗ್ಯಾಸಿನ ಕೊಳವೆಗಳನ್ನು ಕಿತ್ತು ಹಳೆ ಕಬ್ಬಿಣದವನಿಗೆ ಹಾಕಿದರು. ಹೊಸ ಯಜಮಾನರು ನೆಲಮಾಳಿಗೆಗೆ ಬಂದು, ಇನ್ನು ಅದ್ದುವುದು ಬೇಡ, ಹಂಡೆ ಎತ್ತಿಸಿ ಎಂದು ಹೇಳಿ, ಮೂಗು ಮುಚ್ಚಿಕೊಂಡು ಹತ್ತಿಹೋದರು. ಆಗ ಅವಳಿಗೆ ಐವತ್ತೆರಡು. ಮೂರು ವಾರ ಅವಳು ಖಾಲಿ ತೊಟ್ಟಿಯ ಅಂಚಿನಲ್ಲಿ ಕುಳಿತೇ ಇದ್ದಳು.

ಅಲ್ಲಿಗೆ ಇಳಿದು ಬಂದವನು ಹೊಲಿಗೆಕೋಣೆಯ ಹೊಸ ಮುಖ್ಯಸ್ಥ. ಬಟ್ಟೆ ಕತ್ತರಿಸುವುದರಲ್ಲಿ ನಿಸ್ಸೀಮ, ಎಲ್ಲರೂ ಕತ್ತರಿ ಮೇಷ್ಟ್ರು ಎನ್ನುತ್ತಿದ್ದರು. ಕೈಯಲ್ಲಿ ಒಂದು ಟುಟು. ಈಗ ಅದು ತೊಡೆಗೇರಿತ್ತು; ಹತ್ತು ಹನ್ನೆರಡು ಪದರ ಬಲೆಯಂಥ ಬಟ್ಟೆ, ಒಳಗೆ ಚಡ್ಡಿಗೇ ಸೇರಿಸಿ ಹೊಲಿದದ್ದು. ಆದರೆ ಪದರಗಳು ಬಾಡಿದ ಎಲೆಯ ಹಾಗೆ ಜೋತುಬಿದ್ದಿದ್ದವು.

"ಅಮ್ಮ, ಇದು ನಿಲ್ತಿಲ್ಲ. ಹುಡುಗೀರು ಬೈತಿದಾರೆ. ಬಿರುಸಾಗಿ, ಅಡ್ಡಕ್ಕೆ ನಿಂತ್ಕೋಬೇಕಂತೆ. ಬಟ್ಟೆ ಬಿರುಸು ಮಾಡೋದು ಈ ಕಟ್ಟಡದಲ್ಲಿ ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ ಅಂದ್ರು."

"ಏನಂದೆ? ಬಿರುಸಾಗಬೇಕಂತಾ?"

"ಹೂಂ. ರಟ್ಟಿನ ಹಾಗೆ."

ಅವಳು ನಕ್ಕಳು. ಇಪ್ಪತ್ತು ವರ್ಷದಿಂದ ಅವಳ ನಗು ಕೇಳದ ಒಗೆಯುವ ಹೆಂಗಸರು ಕೆಲಸ ಬಿಟ್ಟು ತಿರುಗಿ ನೋಡಿದರು. ನಗು ನಿಲ್ಲಲಿಲ್ಲ, ಕೊನೆಕೊನೆಗೆ ಅದು ನಗುವೋ ಬೇರೆಯೋ ತಿಳಿಯದೆ ಕತ್ತರಿ ಮೇಷ್ಟ್ರು ಹೆದರಿ ನೀರು ತಂದುಕೊಟ್ಟ. ಕಣ್ಣೊರೆಸಿಕೊಂಡು ಅವಳು ಹೇಳಿದಳು, "ಬಿರುಸಾಗುತ್ತೆ ಅಂತ ತಾನೇ ನನ್ನ ಹುಡುಗಿ ಬೇಡ ಅಂದಿದ್ದು. ಕೊಡು ಇಲ್ಲಿ."

ಪಟಿಕ ಬಿಟ್ಟು ಗಂಜಿ ಹಿಡಿದಳು. ಎಷ್ಟು ತೆಳು, ಎಷ್ಟು ಬಿಸಿ, ಎಷ್ಟು ಸಲ, ಯಾವ ಪದರಕ್ಕೆ ಹೆಚ್ಚು ಯಾವುದಕ್ಕೆ ಕಡಿಮೆ, ಪದರಕ್ಕೂ ಪದರಕ್ಕೂ ಎಲ್ಲಿ ಸಡಿಲ ಟಾಕಾ ಹಾಕಿದರೆ ಲಂಗ ಜೋಲುವುದಿಲ್ಲ. ಬೆರಳು ಸೂಜಿ ಹಿಡಿಯದಿದ್ದರೂ ಬಾಯಲ್ಲಿ ಹೇಳಿ ಹೊಲಿಸಿದಳು. ವರ್ಷ ವರ್ಷಕ್ಕೆ ಲಂಗ ಮೇಲೇರಿತು, ಅಗಲವಾಯಿತು, ಚಪ್ಪಟೆಯಾಯಿತು. ಕೆಲಸ ಚೆನ್ನಾಗಿದೆಯೆಂದು ಎಲ್ಲರೂ ಒಪ್ಪಿದರು. ಮೇಲೆ ಬಂದು ನೋಡಿ ಎಂದು ಕತ್ತರಿ ಮೇಷ್ಟ್ರು ಎಷ್ಟು ಕರೆದರೂ ಅವಳು ಮೆಟ್ಟಿಲು ಹತ್ತಲಿಲ್ಲ.

ಕೊಕ್ಕರೆ ಇಳಿದು ಬಂದದ್ದು ಆ ವರ್ಷಗಳಲ್ಲೇ. ಈಗ ಅವಳು ಕುಣಿತದ ಶಾಲೆಯ ಶಿಕ್ಷಕಿ. ಮೊಣಕಾಲು ಹೋಗಿ ಕೋಲು ಹಿಡಿದಿದ್ದಳು. ಏಟು ಕೊಟ್ಟ ದಿನದಿಂದ ಒಂದು ಮಾತೂ ಆಡಿರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು, ತೊಟ್ಟಿಯ ಅಂಚಿನಲ್ಲಿ ಕುಳಿತು, ಉಸಿರು ಸರಿಮಾಡಿಕೊಂಡು ಹೇಳಿದಳು:

"ಅವಳಿಗೆ ಹೇಳಿಕೊಟ್ಟಿದ್ದು ನಾನು. ನಿಮ್ಮಕ್ಕನ್ನ ಕೇಳು, ನೀನು ಕೇಳಿದ್ರೆ ಅವಳು ಇಲ್ಲ ಅನ್ನಲ್ಲ ಅಂದೆ. ಕೆಂಪು ದಾರದ ಉಪಾಯಾನೂ ನಂದೇ. ನಂಗೂ ಒಂದು ಹಾಗೇ ಮಾಡಿಸ್ಕೋಬೇಕು ಅಂತಿದ್ದೆ, ಅವಳ್ದು ನೋಡ್ಕೊಂಡು."

ಗಂಜಿ ಕುದಿಯುತ್ತಿತ್ತು. ಪಟಿಕದವಳು ಅದನ್ನು ಇಳಿಸಿದಳು.

"ಮೂವತ್ತು ವರ್ಷ ಆಯ್ತು" ಎಂದಳು.

"ಗೊತ್ತು."

"ಹೇಳಿ ನಿನ್ನ ಹೊಟ್ಟೆ ಹಗುರ ಮಾಡ್ಕೊಂಡೆ. ನಂದೇನು ಹಗುರ ಆಗಲ್ಲ ಇದ್ರಿಂದ. ಹೊಲಿದ ಕೈ ನಂದೇ ತಾನೆ."

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ ಅಕ್ಕ."

ಅವಳನ್ನು ಯಾರಾದರೂ ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. ಆದರೆ ಅವಳು ಹೇಳಿದ್ದು ಇಷ್ಟೇ: "ಹಾಗೆ ಕರೀಬೇಡ. ಮೆಟ್ಲು ಜಾರುತ್ತೆ, ಹುಷಾರಾಗಿ ಹತ್ತು."

ಕೊಕ್ಕರೆ ಮತ್ತೆ ಇಳಿದು ಬರಲಿಲ್ಲ. ಇವಳೂ ಕರೆಯಲಿಲ್ಲ.

ಎಪ್ಪತ್ತು ದಾಟಿದ ಮೇಲೂ ಅವಳು ಬರುತ್ತಿದ್ದಳು. ಕೊನೆಯ ಚಳಿಗಾಲದಲ್ಲಿ, ಹಂಸದ ಆಟಕ್ಕೆಂದು ಹದಿನೆಂಟು ಹೊಸ ಟುಟುಗಳ ಕೆಲಸ ನಡೆದಿತ್ತು. ಕತ್ತರಿ ಮೇಷ್ಟ್ರು ಒಬ್ಬ ಹುಡುಗಿಗೆ ಒಂದನ್ನು ಉಡಿಸಿ, ಅಜ್ಜಿ ಹತ್ತದಿದ್ದರೆ ನಾವೇ ಇಳಿಯೋಣ ಎಂದು ಅವಳನ್ನು ನೆಲಮಾಳಿಗೆಗೆ ಕರೆತಂದ. ಸೊಂಟದ ಸುತ್ತ ನೆಟ್ಟಗೆ ನಿಂತ ಬಿಳಿಯ ತಟ್ಟೆ. ಕೆಳಗೆ ಪೂರಾ ಕಾಲು. ಹುಡುಗಿ ಬಾಗಿಲಲ್ಲಿ ಅಡ್ಡಡ್ಡ ನುಗ್ಗಿ ಬರಬೇಕಾಯಿತು.

"ಕೂರು ಮಗಳೇ" ಎಂದಳು ಮುದುಕಿ.

"ಇದನ್ನ ಉಟ್ಕೊಂಡು ಕೂರೋಕಾಗಲ್ಲ ಅಜ್ಜಿ, ಮುರುಟಿಹೋಗುತ್ತೆ. ಮುಗಿಯೋವರೆಗೂ ನಿಂತೇ ಇರಬೇಕು."

ಮುದುಕಿ ಮಡಚಿದ ಬೆರಳುಗಳ ಗೆಣ್ಣಿನಿಂದ ಅಂಚನ್ನು ತಟ್ಟಿ ನೋಡಿದಳು. ಸೊಂಟಪಟ್ಟಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ನೆರಿಗೆ ನೋಡಿದಳು. "ಎಡಗಡೆ ದಪ್ಪ ಇದೆ. ಕುಂಟುತ್ತೆ, ಬಿಚ್ಚಿ ಹೊಲೀರಿ" ಎಂದಳು. ಕತ್ತರಿ ಮೇಷ್ಟ್ರು ಟೇಪು ಹಿಡಿದು ಅಳೆದ. ಅವಳು ಹೇಳಿದ್ದು ಸರಿಯಾಗಿತ್ತು.

ಆ ವಾರದ ಕೊನೆಗೆ, ಹದಿನೆಂಟರಲ್ಲಿ ಹನ್ನೊಂದಕ್ಕೆ ಗಂಜಿಯಾಗಿತ್ತು. ಬೆಳಿಗ್ಗೆ ಒಲೆ ಹಚ್ಚಲು ಬಂದ ಹೆಂಗಸು ಅವಳನ್ನು ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕಂಡಳು, ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು. ಉಸಿರಿರಲಿಲ್ಲ. ಬಂಧುಗಳೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮಣ್ಣಿಗೆ ಹೋದವರು ನಾಲ್ವರು, ಮೂವರು ಒಗೆಯುವ ಹೆಂಗಸರು ಮತ್ತು ಕತ್ತರಿ ಮೇಷ್ಟ್ರು. ತಂಗಿಯನ್ನು ಹೂತ ಜಾಗ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ; ಇವಳನ್ನು ಖಾಲಿಯಿದ್ದ ಕಡೆ ಇಟ್ಟು ಬಂದರು.

ಉಳಿದ ಏಳು ಟುಟುಗಳಿಗೆ ಬೇರೆಯವರು ಗಂಜಿ ಹಾಕಿದರು. ಅಳತೆ ಅವಳ ತಲೆಯಲ್ಲಿ ಬಿಟ್ಟರೆ ಎಲ್ಲಿಯೂ ಇರಲಿಲ್ಲ. ಅಭ್ಯಾಸದ ದಿನ ಹದಿನೆಂಟು ಹುಡುಗಿಯರು ಸಾಲಾಗಿ ನಿಂತಾಗ ಹನ್ನೊಂದು ಲಂಗಗಳು ತಟ್ಟೆಯಂತೆ ನಿಂತವು, ಏಳು ಒದ್ದೆ ಕೋಳಿಯ ರೆಕ್ಕೆಯಂತೆ ಇಳಿಬಿದ್ದವು. ಹುಡುಗಿಯರು ಕಿಸಕ್ಕೆಂದರು. ರಂಗದ ಪಕ್ಕ ಕುರ್ಚಿಯ ಮೇಲೆ ಕುಳಿತಿದ್ದ ಮುದಿ ಶಿಕ್ಷಕಿ ಕೊಕ್ಕರೆ ಕೋಲನ್ನು ನೆಲಕ್ಕೆ ಕುಟ್ಟಿದಳು. ಯಾರನ್ನೂ ಬೈಯಲಿಲ್ಲ. ಇವತ್ತು ಸಾಕು, ಎಲ್ಲರೂ ಬಿಚ್ಚಿಟ್ಟು ಮನೆಗೆ ಹೋಗಿ ಎಂದಳು. ಪಿಟೀಲಿನವನು ಪೆಟ್ಟಿಗೆ ಮುಚ್ಚಿದ. ದೀಪ ಆರಿಸುವವನು ಬಂದು ಎರಡು ಸಲ ಕೇಳಿದರೂ ಅವಳು ಕುರ್ಚಿಯಿಂದ ಏಳಲಿಲ್ಲ.